ಹಬ್ಬದ ಮರುದಿನ ಸೀತನಿ

ಈ ಸಲ ಹಬ್ಬಕ್ಕೆ ಊರು ಬಿಟ್ಟು ಹೋಗೋಣ ಎಂದು ನಮ್ಮ ಮನೆಯಲ್ಲಿ ಮೊದಲು ಅಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಎಲ್ಲ ಸುಸೂತ್ರವಾಗಿ ಮುಗಿದ ಮೇಲೆ ನಮ್ಮ ಮನೆಯವರು ಕಂಡಕಂಡವರ ಮುಂದೆ "ನಾನ ಕರಕೊಂಡ ಹೋಗಿದ್ದೆ" ಎಂದು ಮೀಸೆ ತಿರುವಿಕೊಂಡು ಓಡಾಡಿದರು. ಓಡಾಡಲಿ. ಅವರು ಕರೆದುಕೊಂಡು ಹೋದದ್ದು ಸುಳ್ಳಲ್ಲ, ಆದರೆ ಅವರನ್ನು ಎಬ್ಬಿಸಿ ಹೊರಡಿಸಿದವಳು ನಾನು.

ಇಳಕಲ್ಲಿನಲ್ಲಿ ನಮ್ಮದು ನೇಕಾರರ ಮನೆ. ನಡುಮನೆಯಲ್ಲಿ ಕುಣಿ ತೋಡಿ ಕೂರಿಸಿದ ಒಂದು ಮಗ್ಗ, ಅದರ ಸುತ್ತ ನಾವು ನಾಲ್ಕು ಜನ. ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವವರು ನಮ್ಮ ಮನೆಯವರು, ಇಬ್ರಾಹಿಂಸಾಬರು. ರಾಟಿ ತಿರುಗಿಸಿ ಅವರಿಗೆ ನೂಲು ಸುತ್ತಿಕೊಡುವವಳು ನಾನು, ಅಮೀನಬಿ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವವರು ನಮ್ಮ ಅತ್ತೆ ದಸ್ತಗೀರಬಿ. ಎಲ್ಲರ ಕೆಲಸಕ್ಕೂ ಅಡ್ಡ ಬರುವವಳು ನನ್ನ ಮಗಳು ಜೋಹರಾ. ಉಳಿದ ಹಬ್ಬಗಳಿಗೆ ನಮ್ಮ ಮಗ್ಗ ಒಂದು ದಿನ ನಿಂತರೆ ಹೆಚ್ಚು. ರಮಜಾನ ಹಬ್ಬಕ್ಕೆ ಮಾತ್ರ ನೂಲು ಕೊಡುವ ಸಾಹುಕಾರನೇ ಅಂಗಡಿ ಮುಚ್ಚುತ್ತಿದ್ದ, ನಮಗೆ ಒಂದು ವಾರ ಬಿಡುವು ಸಿಗುತ್ತಿತ್ತು.

ಆ ವಾರವನ್ನು ನಾವು ಕಳೆಯುತ್ತಿದ್ದ ರೀತಿ ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಎರಡು ಓಣಿ ದಾಟಿ ನಾದಿನಿಯ ಮನೆಗೆ ಹೋಗುವುದು, ಅವಳು ಮಾಡಿದ ಶಾವಿಗೆ ಹಾಲಿನ ಸುರಕುಂಬಾ ಕುಡಿಯುವುದು, ಅವಳ ಸೊಂಟನೋವಿನ ಕಥೆ ಕೇಳುವುದು, ಮನೆಗೆ ಬಂದು ಮಲಗುವುದು. ಮದುವೆಯಾಗಿ ಬಂದಾಗಿನಿಂದ ನನಗೆ ಇದೇ ಹಬ್ಬ. ಶ್ರಾವಣದ ಒಂದು ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ, ರಾಟಿಯ ಮುಂದೆ ಕೂತವಳು ಇದ್ದಕ್ಕಿದ್ದಂತೆ ಹೇಳಿಬಿಟ್ಟೆ.

"ಈ ಸಲಾ ಹಬ್ಬಕ್ಕ ನಾ ಈ ಊರಾಗ ಇರಾಂಗಿಲ್ಲ ನೋಡ್ರಿ. ಯಾವದರೆ ಹಳ್ಳಿಗಿ ಹೋಗೂಣು. ನಾಕ ದಿನಾ ಗಾಳಿ ಕುಡಿದ ಬರೂಣು."

"ಯಾವ ಹಳ್ಳಿಗಿ? ಯಾರದಾರ ನಮಗ ಹಳ್ಳ್ಯಾಗ?" ಎಂದರು ನಮ್ಮವರು, ಲಾಳಿ ನಿಲ್ಲಿಸದೆಯೇ.

ಖರೆ. ನನ್ನ ತವರು ಹುನಗುಂದದ ಪೇಟೆಯಲ್ಲಿ, ಅಲ್ಲಿಯೂ ಮಗ್ಗವೇ. ಹೊಲ ಇದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ. ನಮಗೆ ಜೋಳ ಎಂದರೆ ಸಂತೆಯಿಂದ ಬರುವ ಚೀಲ. ನಾನು ರಾಟಿಯನ್ನು ಜೋರಾಗಿ ತಿರುಗಿಸಿದೆ. ಆಗ ಮೂಲೆಯಲ್ಲಿ ಕೊಂಡಿ ಹಾಕುತ್ತಿದ್ದ ಅತ್ತೆ ತಲೆ ಎತ್ತದೆ ಒಂದು ಮಾತು ಅಂದರು.

"ನಮ್ಮೂರಾಗ ರಮಜಾನ ಹಬ್ಬದ ಮರುದಿನಾ ಸೀತನಿ."

ಅತ್ತೆಯ ಊರು ಬಾದಾಮಿ ಹತ್ತಿರದ ಚೊಳಚಗುಡ್ಡ. ಅವರ ಅಪ್ಪ ಅಲ್ಲಿ ಹತ್ತಿ ಹಿಂಜುವ ಪಿಂಜಾರ. ಮಗಳ ಮದುವೆ ಮಾಡಿದ ಮರುವರ್ಷವೇ ಸಂಸಾರ ಕಟ್ಟಿಕೊಂಡು ಬೇರೆ ಸೀಮೆಗೆ ಹೋದರಂತೆ. ಅಲ್ಲಿಗೆ ಅತ್ತೆಗೆ ತವರು ಎಂಬುದು ಮುಗಿಯಿತು. ಅವರ ಬಾಯಲ್ಲಿ ಆ ಊರಿನ ಹೆಸರು ಬಂದದ್ದನ್ನು ನಾನು ಅಲ್ಲಿಯವರೆಗೆ ಎರಡೋ ಮೂರೋ ಸಲ ಕೇಳಿದ್ದೆ, ಅಷ್ಟೇ. ಆದರೆ ಆ ದಿನ ಮಳೆಯ ಗುಂಗಿಗೋ ಏನೋ, ತಾವಾಗಿಯೇ ಹೇಳುತ್ತ ಹೋದರು.

ಅವರಿಗೊಬ್ಬ ಗೆಳತಿ, ತಾಯವ್ವ, ಒಕ್ಕಲಿಗರ ಹುಡುಗಿ. ಹಬ್ಬದ ಮರುದಿನ ಇಬ್ಬರೂ ತಾಯವ್ವನ ಹೊಲಕ್ಕೆ ಹೋಗಿದ್ದರು. ಹಾಲು ತುಂಬಿದ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಹಸಿರು ಕಾಳನ್ನು ಬಿಸಿಬಿಸಿಯಾಗಿ ಗುರೆಳ್ಳ ಹಿಂಡಿ, ಅಂದರೆ ಚಟ್ನಿಪುಡಿ ಹಚ್ಚಿ ತಿಂದರು. ಅದೇ ಸೀತನಿ. ಕಾಳು ತಾಯವ್ವಂದು, ಹಿಂಡಿ ಅತ್ತೆಯದು. ಅದೇ ವಾರ ಅತ್ತೆಯ ನಿಕಾ ಆಯಿತು. ಚಕ್ಕಡಿ ಹತ್ತುವಾಗ ತಾಯವ್ವ ಅಂದಳಂತೆ, "ಬರೂ ಸೀತನಿಗಿ ಬಾ." ಅತ್ತೆ ಅಂದರಂತೆ, "ಬರ್ತೇನಿ, ಹಿಂಡಿ ನಾನ ತರ್ತೇನಿ."

"ಮತ್ತ ಹೋಗಲಿಲ್ಲೇನು?" ಎಂದು ಕೇಳಿದಳು ಜೋಹರಾ.

"ಒಂದ ವರ್ಷ ನಿಮ್ಮಪ್ಪ ಹೊಟ್ಟ್ಯಾಗಿದ್ದ. ಮರುವರ್ಷ ತೊಡಿ ಮ್ಯಾಲಿದ್ದ. ಆಮ್ಯಾಲ ತವರಿಲ್ಲದ ಊರಿಗಿ ಏನಂತ ಹೋಗೂದು, ಯಾರ ಕಳಸತಾರ?"

ಅಷ್ಟು ಹೇಳಿ ಎಳೆ ಹುಡುಕುವವರಂತೆ ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಗಂಡಸರು ಸತ್ತವರ ಹೆಸರು ಹೇಳಿಕೊಂಡು ಊರೂರು ತಿರುಗುತ್ತಾರೆ, ಹೆಂಗಸು ಬದುಕಿರುವ ಗೆಳತಿಯನ್ನು ನೋಡಲು ಹೋಗಬೇಕಾದರೆ ಅಲ್ಲಿ ಅಪ್ಪನ ಮನೆಯ ಬಾಗಿಲು ಇರಬೇಕಂತೆ. ತಾಯವ್ವ ತನ್ನ ಸೋದರಮಾವನ ಮಗನನ್ನೇ ಮದುವೆಯಾಗಿ ಅದೇ ಊರಲ್ಲಿ ಇದ್ದಳು. ಗುಳೇದಗುಡ್ಡದಿಂದ ಖಣ ಮಾರಲು ಬರುವ ಮಲಕಪ್ಪ ಆ ಕಡೆಯ ಹಳ್ಳಿಗಳಿಗೂ ಹೋಗುತ್ತಿದ್ದ, ಅವನ ಬಾಯಿಂದ ವರ್ಷಕ್ಕೊಮ್ಮೆ ಇವರ ಸುದ್ದಿ ಅವಳಿಗೆ, ಅವಳ ಸುದ್ದಿ ಇವರಿಗೆ.

"ಗೆಳತಿ ಇದ್ದದ್ದ ತವರಮನಿರಿ ಅತ್ತಿ," ಎಂದೆ. "ಈ ಸಲಾ ನಾವು ಚೊಳಚಗುಡ್ಡಕ್ಕ ಹೋಗೂದ. ಆತಲ್ಲ, ಮುಗೀತು."

ಮುಗಿಯಲಿಲ್ಲ. ನಮ್ಮವರು ಆಗಲೇ ಲಾಳಿ ನಿಲ್ಲಿಸಿದ್ದು. "ಹೋಗೂದು ಅಂದ್ರ ಹ್ಯಾಂಗ ಹೋಗ್ತೀ? ನಮ್ಮನ್ಯಾಗ ಚಕ್ಕಡಿ ಐತೇನು, ಎತ್ತ ಅದಾವೇನು? ಬಾದಾಮಿ ಏನ ಹಿತ್ತಲದಾಗ ಐತೇನ?"

ಗೊತ್ತಿಲ್ಲ ಎಂದು ಅವರಿಗೆ ತೋರಿಸಿಕೊಡುವವಳು ನಾನಲ್ಲ. "ನಾಳಿ ಹೇಳ್ತೇನಿ," ಎಂದೆ. ಅವತ್ತು ಸಂಜೆ ನೀರಿಗೆ ಹೋದಾಗ, ಸಂತೆಗೆ ಹೋದಾಗ, ಪಕ್ಕದ ಮನೆಗೆ ಮಜ್ಜಿಗೆಗೆ ಹೋದಾಗ, ಸಿಕ್ಕವರನ್ನೆಲ್ಲ ವಿಚಾರಿಸಿದೆ. ಮರುದಿನ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಒಪ್ಪಿಸಿದೆ.

ನಮ್ಮ ಓಣಿಯ ಹನಮಂತಪ್ಪ, ಸಾಹುಕಾರನ ನೂಲು ತರಲು ಬಾಗಲಕೋಟೆಯ ಸ್ಟೇಶನ್ನಿಗೆ ಚಕ್ಕಡಿ ಹೊಡೆಯುವವನು. ಹಬ್ಬದ ವಾರ ಮುಗಿದು ಮಗ್ಗಗಳು ಮತ್ತೆ ಏಳುವಷ್ಟರಲ್ಲಿ ಊರಿಗೆ ನೂಲು ಬರಬೇಕು, ಆದ್ದರಿಂದ ಅವನು ಪ್ರತಿ ಸಲ ಹಬ್ಬದ ದಿನವೇ ಹೊರಡುತ್ತಾನೆ. ಬರುವಾಗ ಚಕ್ಕಡಿಯಲ್ಲಿ ಕೂರಲು ಜಾಗ ಇರುವುದಿಲ್ಲ. ಆದರೆ ಹೋಗುವಾಗ ಖಾಲಿ. ಹುನಗುಂದ, ಅಮೀನಗಡ, ಬಾಗಲಕೋಟೆ. ಬಾಗಲಕೋಟೆಯಿಂದ ಬಾದಾಮಿಗೆ ರೇಲು. ಸ್ಟೇಶನ್ನಿನಿಂದ ಪೇಟೆಗೆ ಟಾಂಗಾ. ಪೇಟೆಯಿಂದ ಚೊಳಚಗುಡ್ಡಕ್ಕೆ ದೇವರು ಕೊಟ್ಟ ಕಾಲು.

"ಬರುವಾಗ?" ಎಂದರು ನಮ್ಮವರು.

"ಬಾದಾಮ್ಯಾಗ ಇಳಕಲ್ಲಿನ ಕಡೆ ಬರೂ ಚಕ್ಕಡಿ ಸಿಗದ ಇರ್ತಾವೇನು? ಹೋಗೂದಕ್ಕ ಮೊದಲ ಬರೂದರ ಚಿಂತಿ ಯಾಕ ಮಾಡ್ತೀರಿ?"

ರೇಲು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಜೋಹರಾ ತಟ್ಟೆ ಬಿಟ್ಟು ಎದ್ದಳು. ಅವಳೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ, ಅತ್ತೆಯೂ ಕಂಡಿರಲಿಲ್ಲ. ಅಂದಿನಿಂದ ನಮ್ಮ ಮಗ್ಗವೇ ರೇಲಾಯಿತು. ಅಪ್ಪ ಊಟಕ್ಕೆ ಎದ್ದ ಕೂಡಲೇ ಇವಳು ಕುಣಿಗೆ ಇಳಿದು ಕಾಲುಮಣೆ ತುಳಿಯುವುದು, ಬಾಯಲ್ಲಿ ಬುಸುಬುಸು ಸದ್ದು ಮಾಡುವುದು, "ಬಾದಾಮಿ ಬಂತು, ಇಳೀರಿ" ಎಂದು ಅಜ್ಜಿಯನ್ನು ಎಬ್ಬಿಸುವುದು. ಅತ್ತೆ ಕೂಡ ಗಂಭೀರವಾಗಿ ಎದ್ದು ಇಳಿಯುತ್ತಿದ್ದರು. ನಾನು ನಗು ತಡೆಯಲಾರದೆ ರಾಟಿಯ ಎಳೆ ಕಡಿದುಕೊಂಡದ್ದೂ ಉಂಟು.

ಮಲಕಪ್ಪ ಬಂದಾಗ ಅವನ ಕೈಯಲ್ಲಿ ತಾಯವ್ವನಿಗೆ ಹೇಳಿಕಳಿಸಿದೆವು, ಹಬ್ಬದ ಬೆನ್ನಿಗೇ ಸೀತನಿಗೆ ಬರುತ್ತೇವೆ ಎಂದು. ನವರಾತ್ರಿಯ ಹೊತ್ತಿಗೆ ಅವನು ತಿರುಗಿ ಬಂದ. ಖಣದ ಗಂಟು ಇಳಿಸುವಷ್ಟೂ ತಾಳ್ಮೆ ಇಲ್ಲದೆ ನಾವು ಮೂವರೂ ಬಾಗಿಲಿಗೆ ಹೋದೆವು.

"ಏನಂದ್ಳೋ ಮಲಕಪ್ಪಾ?" ಎಂದರು ಅತ್ತೆ.

"ಮೊದಲ ನಂಬಲಿಲ್ಲರಿ. ಆಮ್ಯಾಲ, 'ಅಕಿ ಬರೂದು ಖರೆ ಆದ್ರ ಹಿಂಡಿ ಮರಿಬ್ಯಾಡ ಅಂತ ಹೇಳು' ಅಂದ್ಳು. ಹಳ್ಳದ ಕಡಿ ಹೊಲಾ ಈಗ ಬಿತ್ತ್ಯಾರ. ಅದರಾಗ ಒಂದ ಮೂಲಿ ನಿಮಗಂತ ಬಿಡ್ತಾಳಂತ. ನೀವು ಬರೂತನಾ ಅದರಾಗಿಂದು ಒಂದ ತೆನಿನೂ ಯಾರೂ ಮುಟ್ಟಬಾರದು ಅಂತ ಮನ್ಯಾಗ ಹುಕುಮ್ ಮಾಡ್ಯಾಳ."

ಅತ್ತೆ ಒಳಗೆ ಹೋಗಿ ಮಲಕಪ್ಪನಿಗೆ ಒಂದರ ಬದಲು ಎರಡು ಬೆಲ್ಲದ ಹಳಕು ತಂದು ಕೊಟ್ಟರು. ಅದು ಅವರ ಖುಷಿಯ ಅಳತೆ.

ಆ ದಿನವೇ ಊಟಕ್ಕೆ ಕೂತಾಗ ನಮ್ಮವರು ಆ ಮಾತು ಎತ್ತಿದ್ದು. ಕೆಟ್ಟ ಮನಸ್ಸಿನಿಂದಲ್ಲ, ಹೇಳುತ್ತೇನೆ. ಕೈಯಲ್ಲಿ ರೊಟ್ಟಿ ಹಿಡಿದು ಸುಮ್ಮನೆ ಯೋಚಿಸುತ್ತಿದ್ದವರು ಕೇಳಿದರು.

"ಅವ್ವಾ, ನನಗ ಮೀಸಿ ಬಂದ ಹೊಸದರಾಗ ರಮಜಾನ ಹಬ್ಬಕ್ಕ ನಮಾಜಿಗಿ ಹೋಗುವಾಗ ಕಾಲ ಸುಡತಿದ್ದೂವು. ಮನಿಗಿ ಬಂದು ಮಾವಿನಹಣ್ಣ ತಿಂದದ್ದ ನೆನಪೈತಿ. ಆವಾಗೆಲ್ಲಿ ಸೀತನಿ?"

ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ನಮ್ಮ ಹಬ್ಬ ಚಂದ್ರನ ಲೆಕ್ಕದ್ದು, ವರ್ಷವರ್ಷವೂ ಹಿಂದೆ ಹಿಂದೆ ಸರಿಯುತ್ತದೆ. ಬೇಸಿಗೆಗೂ ಬರುತ್ತದೆ, ಮಳೆಗೂ ಬರುತ್ತದೆ. ಇದು ಗೊತ್ತಿಲ್ಲದ ಮುಸಲ್ಮಾನರು ಯಾರೂ ಇಲ್ಲ. ಅತ್ತೆಯೂ ಎಲ್ಲ ಕಾಲದ ಹಬ್ಬವನ್ನೂ ಇದೇ ಮನೆಯಲ್ಲಿ ಮಾಡಿದವರು. ಆದರೂ ಅವರ ಮನಸ್ಸಿನೊಳಗಿನ ಊರಿನಲ್ಲಿ ಹಬ್ಬ ಮತ್ತು ಸೀತನಿ ಒಂದೇ ಗಂಟಿನಲ್ಲಿ ಕಟ್ಟಿಟ್ಟಂತೆ ಉಳಿದಿದ್ದವು. ಒಂದು ವರ್ಷ ಕೂಡಿ ಬಂದದ್ದನ್ನು ಅವರು ಪ್ರತಿ ವರ್ಷದ್ದೆಂದು ತಿಳಿದಿದ್ದರು. ಕೇಳಿಸಿಕೊಂಡ ನಾವೂ ಹಾಗೇ ನಂಬಿದ್ದೆವು.

"ಚಳಿಗಾಲದಾಗ ಬರ್ತೈತಲ್ಲ ಈ ಸಲಾ ಹಬ್ಬ," ಎಂದೆ ನಾನು, ಬಿಟ್ಟುಕೊಡದೆ.

"ಚಳಿಗಾಲ ಅಂದ್ರ ಆತೇನು? ಸೀತನಿ ಅಂದ್ರ ಎಂಟ ಹತ್ತ ದಿನದ ಮಾತು. ಹೋದ ವರ್ಷ ಹಬ್ಬದಾಗ ಪ್ಯಾಟ್ಯಾಗ ತಂದ ತಿಂದಿವಲ್ಲ, ಬಲಿತು ಹಲ್ಲಿಗಿ ಕಲ್ಲಾಗಿದ್ದೂವು. ಈ ಸಲಾ ಹಬ್ಬ ಇನ್ನೂ ಮುಂಚೇಕ ಬರ್ತೈತಿ. ತೆನ್ಯಾಗ ಹಾಲರ ತುಂಬಿರ್ತೈತೋ ಇಲ್ಲೋ, ಯಾರಿಗಿ ಗೊತ್ತು?"

ಯಾರಿಗೂ ಗೊತ್ತಿರಲಿಲ್ಲ. ಆ ವಾರ ಬಿಟ್ಟರೆ ನಮ್ಮ ಮಗ್ಗ ಬಿಡುವು ಕೊಡುವುದಿಲ್ಲ, ತೆನೆ ನಮಗಾಗಿ ಕಾಯುವುದಿಲ್ಲ. ಅತ್ತೆ ಎದ್ದು ಕೈತೊಳೆದರು. "ಬ್ಯಾಡ ಬಿಡ್ರಿ," ಎಂದರು. "ಒಂದ ಸಲಾ ಬರ್ತೇನಂದು ಹೋಗಲಿಲ್ಲ. ಈಗ ಹೋಗಿ, ಬರೇ ಹೊಲದಾಗ ನಿಂತು ಅಕಿ ಮಾರಿ ಹ್ಯಾಂಗ ನೋಡ್ಲಿ? ಹನಮಂತಪ್ಪಗ ಬ್ಯಾಡಂತ ಹೇಳ ಹೋಗು ಅಮೀನಾ."

ಆಮೇಲೆ ಮೂಲೆಗೆ ಹೋಗಿ ಕೊಂಡಿ ಹಾಕಲು ಕೂತರು. ಅವರ ಬೆರಳು ಎಂದಿನಂತೆಯೇ ಓಡುತ್ತಿದ್ದವು. ಅದನ್ನು ನೋಡಿ ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಹೊಲದ ಮೂಲೆ ಕಾಯ್ದಿಟ್ಟವಳಿಗೆ ಎರಡನೇ ಸಲ ಸುಳ್ಳು ಹೇಳುವುದೆಂದರೇನು? ಆದರೆ ಸಿಟ್ಟು ಮಾಡುವುದು ಯಾರ ಮೇಲೆ? ಚಂದ್ರನ ಮೇಲೆಯೇ? ಸೆರಗು ಹೊದ್ದುಕೊಂಡು ಹನಮಂತಪ್ಪನ ಮನೆಗೆ ಹೋದೆ.

ಹನಮಂತಪ್ಪ ಅಂಗಳದಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ. ಹಿರಿಯ, ನಮ್ಮ ಅತ್ತೆಯ ವಾರಿಗೆಯವನು. "ಕಾಕಾ, ನಾವು ಬರಾಂಗಿಲ್ಲ. ಚಕ್ಕಡಿ ಬ್ಯಾಡ," ಎಂದೆ, ಮುಖ ಬೇರೆ ಕಡೆ ಮಾಡಿ.

"ಯಾಕವಾ? ನಾ ನಿಮ್ಮ ಸಲುವಾಗಿ ಚಕ್ಕಡಿ ಮ್ಯಾಲ ಕಮಾನು ಕಟ್ಟಾಕ ಬಿದಿರು ತಂದೀನಿ. ಏನಾತು?"

"ಹಬ್ಬದಾಗ ಸೀತನಿ ಇರ್ತಾವೋ ಇಲ್ಲೋ ಅಂತ ನಮ್ಮವ್ರು ಅನ್ನಾಕಹತ್ಯಾರ."

ಅವನು ತಿಕ್ಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. "ಇರದ ಏನವಾ? ನಿಮ್ಮ ಹಬ್ಬದ ಚಂದ್ರ ಕಾಣೂದು ಎಳ್ಳ ಅಮಾಸಿ ಆದ ಕೂಡ್ಲೆ ಅಲ್ಲೇನು? ಎಳ್ಳ ಅಮಾಸಿಗಿ ಹೊಲದಾಗ ಸೀತನಿ ಸುಡದವ್ರು ಯಾರದಾರ ಈ ಸೀಮ್ಯಾಗ?"

ನಾನು ಬಾಯಿ ತೆರೆದು ನಿಂತೆ. ಅವನಿಗೆ ಇದೇನು ದೊಡ್ಡ ಸಂಗತಿಯಲ್ಲ. ಎಳ್ಳ ಅಮಾವಾಸ್ಯೆ ಎಂದರೆ ಒಕ್ಕಲಿಗರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬೆಳೆಯ ನಡುವೆ ಎಡೆಯ ಅನ್ನ ಎರಚಿ ಚರಗ ಚೆಲ್ಲುವ ದಿನ, ಅವತ್ತು ಅವನು ಎತ್ತನ್ನು ಬಾಡಿಗೆಗೆ ಹೂಡುವುದಿಲ್ಲ. ನಾನು ಚಕ್ಕಡಿ ಕೇಳಿದ ದಿನವೇ ಅವನು ಬೆರಳು ಮಡಚಿ ನೋಡಿಕೊಂಡಿದ್ದ, ಹಬ್ಬ ಅಮಾವಾಸ್ಯೆಗೆ ಅಡ್ಡ ಬರುತ್ತದೆಯೇ ಎಂದು. ಅಡ್ಡ ಬರುವುದಿಲ್ಲ, ಬೆನ್ನಿಗೇ ಬರುತ್ತದೆ ಎಂದು ಗೊತ್ತಾಗಿ ಸುಮ್ಮನಿದ್ದ. ನಮ್ಮ ಮನೆಯ ರಾದ್ಧಾಂತ ಅವನಿಗೇನು ಗೊತ್ತು?

"ಮುಂದಿನ ವರ್ಷಾನೂ ಹಿಂಗ ಬರ್ತೈತೇನು ಕಾಕಾ?"

"ಎಲ್ಲಿ ಬರ್ತೈತಿ? ನಮ್ಮವ್ರು ಆಗೊಮ್ಮಿ ಈಗೊಮ್ಮಿ ಅಧಿಕ ಮಾಸ ಹಾಕಿ ಹಬ್ಬಾನ ಜಗಾದಾಗ ನಿಲ್ಲಸ್ತಾರ. ನಿಮ್ಮವ್ರು ಬಿಟ್ಟಬಿಡ್ತಾರ, ಅದು ಊರ ತಿರಗತೈತಿ. ಈ ಸಲಾ ಇಲ್ಲಿಗಿ ಬಂದೈತಿ. ಇನ್ನ ಮತ್ತ ಇಲ್ಲಿಗಿ ಬರಬೇಕಂದ್ರ ನಾನೂ ಇರಾಂಗಿಲ್ಲ, ಈ ಎತ್ತೂ ಇರಾಂಗಿಲ್ಲ."

ನಾನು ಓಡಿದೆ. ಮದುವೆಯಾದ ಹೆಂಗಸು ಓಣಿಯಲ್ಲಿ ಓಡಬಾರದು, ಗೊತ್ತು. ಸೆರಗು ಹೆಗಲಿಗೆ ಬಂದಿತ್ತು, ಒಂದು ಚಪ್ಪಲಿ ಹನಮಂತಪ್ಪನ ಅಂಗಳದಲ್ಲೇ ಉಳಿದಿತ್ತು. ಒಳಗೆ ಬಂದವಳೇ ಅತ್ತೆಯ ಮುಂದೆ ಕುಕ್ಕರಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅತ್ತೆ ಕೈಯಲ್ಲಿದ್ದ ಎಳೆ ಹಾಗೇ ಹಿಡಿದು ಕೂತರು.

"ಎಳ್ಳ ಅಮಾಸಿ," ಎಂದರು ಮೆಲ್ಲಗೆ. "ಹೌದ. ಅವತ್ತ ತಾಯವ್ವ ಅಮಾಸ್ಯಾಗ ಉಳದ ಕಡಬು ತಂದಿದ್ಳು. ಗಟ್ಟಿ ಆಗಿದ್ದೂವು. ಕೆಂಡದಾಗ ಬೆಚ್ಚಗ ಮಾಡ್ಕೊಂಡ ತಿಂದಿದ್ದಿವಿ." ಆಮೇಲೆ ಬೆರಳು ಮಡಚಲು ಶುರುಮಾಡಿದರು, ಎರಡೂ ಕೈ ಸಾಲದೆ ಬಿಟ್ಟರು. ನಮ್ಮವರು ಮಗ್ಗದಿಂದಲೇ ತಮ್ಮ ವಯಸ್ಸಿನ ಮೇಲೆ ಲೆಕ್ಕ ಹಾಕಿ ಹೇಳಿದರು, ಮೂವತ್ತಮೂರು ವರ್ಷ ಎಂದು. ಹಬ್ಬ ಒಂದು ಸುತ್ತು ಪೂರಾ ತಿರುಗಲು ಅಷ್ಟೇ ಬೇಕಂತೆ.

"ನೋಡವಾ," ಎಂದರು ಅತ್ತೆ. "ಹಬ್ಬ ಎಲ್ಲಾ ಕಾಲಾ ತಿರಗಿ ಅದ ಜಗಾಕ್ಕ ಹೊಳ್ಳಿ ಬಂತು. ನಾ ಕುಂತಲ್ಲೆ ಕುಂತೀನಿ."

ನಮ್ಮವರು ಲಾಳಿ ಕೆಳಗಿಟ್ಟು ತಾಯಿಯ ಮುಖ ನೋಡಿದರು. "ಕಮಾನಿಗಿ ಹೊಸಾ ಚಾದರ ನಾ ಕೊಡ್ತೇನಿ," ಎಂದರು. ಅಲ್ಲಿಗೆ ನಮ್ಮ ಮನೆಯಲ್ಲಿ ಮತ್ತೆ ರೇಲು ಓಡತೊಡಗಿತು.

ಕೊನೆಯ ತಿಂಗಳ ಗದ್ದಲ ಏನು ಹೇಳಲಿ. ರೋಜಾ ಉಪವಾಸ ಹಿಡಿದುಕೊಂಡೇ ಎಲ್ಲ ತಯಾರಿ. ಹಾದಿಯಲ್ಲಿ ಕೆಡದಂತೆ ಕಟಕ ರೊಟ್ಟಿ, ಶೇಂಗಾ ಉಂಡೆ, ಹಾಸಿಗೆ ಸುರುಳಿ, ನೀರಿನ ತಂಬಿಗೆ. ಜೋಹರಾ ತನ್ನ ಗಂಟನ್ನು ದಿನಾ ಕಟ್ಟುತ್ತಿದ್ದಳು, ದಿನಾ ಬಿಚ್ಚುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಕೆಲಸ ಗುರೆಳ್ಳ ಹಿಂಡಿ. ಅತ್ತೆ ಅದನ್ನು ನನಗೆ ಬಿಡಲಿಲ್ಲ. ತಾವೇ ಹುರಿದರು, ಬೆಳ್ಳುಳ್ಳಿ ಸುಲಿದರು, ಖಾರ ಹಾಕಿ ಕುಟ್ಟಿದರು. ರೋಜಾದಲ್ಲಿ ಇದ್ದವರು, ನಾಲಿಗೆಗೆ ತಾಗಿಸುವಂತಿಲ್ಲ. ಸಂಜೆ ರೋಜಾ ಬಿಟ್ಟ ಮೇಲೆ ಚೂರು ರುಚಿ ನೋಡಲು ನಾನು ಕೈ ಹಾಕಿದರೆ ಗಡಿಗೆಯನ್ನೇ ಎಳೆದುಕೊಂಡರು.

"ಮೊದಲ ತುತ್ತು ತಾಯವ್ವಂದು. ಅಕಿ ಬಾಯಿಗಿ ಬೀಳೂತನಾ ಯಾರೂ ಮುಟ್ಟಬ್ಯಾಡ್ರಿ."

ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿಟ್ಟರು. ಸರಿ, ಅವರ ಹಿಂಡಿ, ಅವರ ಗೆಳತಿ.

ಇಪ್ಪತ್ತೊಂಬತ್ತನೇ ರೋಜಾದ ಸಂಜೆ ಇಡೀ ಓಣಿ ಮಾಳಿಗೆ ಮೇಲಿತ್ತು. ಎಳ್ಳ ಅಮಾವಾಸ್ಯೆ ಹಿಂದಿನ ದಿನವಷ್ಟೇ ಮುಗಿದಿತ್ತು, ಹನಮಂತಪ್ಪ ಚರಗ ಚೆಲ್ಲಿ ಬಂದು ಚಕ್ಕಡಿಯ ಕೀಲಿಗೆ ಎಣ್ಣೆ ಹಾಕಿಟ್ಟಿದ್ದ. ಪಡುವಣ ದಿಕ್ಕನ್ನು ನೋಡಿ ನೋಡಿ ಕಣ್ಣಲ್ಲಿ ನೀರು ಬಂತು. ಚಂದ್ರ ಕಾಣಲಿಲ್ಲ. ಅಂದರೆ ಇನ್ನೊಂದು ರೋಜಾ, ಇನ್ನೊಂದು ದಿನ. ಎಲ್ಲರೂ ಇಳಿದರು, ಅತ್ತೆ ಇಳಿಯಲಿಲ್ಲ.

"ಕಂಡಾನ. ಆ ಮೋಡದ ಹಿಂದ ಅದಾನ. ಯಾರೂ ಸರಿ ನೋಡಲಿಲ್ಲ," ಎಂದು ಹಟ ಹಿಡಿದರು. ಮೋಡವೇ ಇರಲಿಲ್ಲ.

"ಅವ್ವಾ, ನಾಳಿ ಖಂಡಿತ ಕಾಣತಾನ. ಒಂದ ದಿನಾ ಅಷ್ಟ," ಎಂದರು ನಮ್ಮವರು.

"ನಿನಗ ಒಂದ ದಿನಾ," ಎಂದು ಅತ್ತೆ ಮಗನ ಮೇಲೆ ಹರಿಹಾಯ್ದರು. "ಅಲ್ಲೆ ತೆನಿ ಬಲಿಯಾಕಹತ್ತಾವು."

ಇಷ್ಟು ವರ್ಷ ಒಂದು ಮಾತೂ ಆಡದೆ ಕಾದ ಹೆಂಗಸಿಗೆ ಆ ಒಂದು ದಿನ ತಡೆಯಲಾಗಲಿಲ್ಲ. ಆ ಸಂಜೆ ಅವರು ಜೋಹರಾಗಿಂತ ಸಣ್ಣವರಾಗಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತದ್ದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ. ಮರುದಿನ ಚಂದ್ರ ಕಂಡ. ಅತ್ತೆ ಕೈ ಎತ್ತಿ ದುವಾ ಮಾಡಿ, ಆಮೇಲೆ ಅವನನ್ನು ನೋಡಿಕೊಂಡೇ ಎರಡು ಮಾತು ಬೈದರು.

ಹಬ್ಬದ ದಿನ ನಮಾಜು ಮುಗಿಸಿ, ನಾದಿನಿಯ ಮನೆಯ ಸುರಕುಂಬಾ ನಿಂತಲ್ಲೇ ಕುಡಿದು, ಅವಳು ಸೊಂಟದ ಸುದ್ದಿ ತೆಗೆಯುವಷ್ಟರಲ್ಲಿ ನಾವು ಚಕ್ಕಡಿ ಹತ್ತಿದ್ದೆವು. ಹುನಗುಂದದಲ್ಲಿ ನನ್ನ ತವರಿನವರು ಹಾದಿಗೆ ಬಂದು ನಿಂತು ಬುತ್ತಿ ಕೊಟ್ಟರು. ಮಲಪ್ರಭೆಯ ಮರಳಿನಲ್ಲಿ ಎತ್ತು ಎಳೆಯಲಾರದಾದಾಗ ಎಲ್ಲರೂ ಇಳಿದು ದೂಡಿದೆವು. ಕಾಲಿಗೆ ನೀರು ತಣ್ಣಗೆ, ಅತ್ತೆಯ ತಲೆಯ ಮೇಲೆ ಹಿಂಡಿಯ ಗಡಿಗೆ. ಕಮಾನಿನ ಚಾದರದ ಸಂದಿಯಿಂದ ಅವರು ನೋಡುತ್ತಿದ್ದದ್ದು ಒಂದನ್ನೇ, ಎರಡೂ ಕಡೆಯ ಜೋಳದ ಹೊಲ. "ಇದು ಎಳೇದೈತಿ." "ಇದು ಬಲಿತೈತಿ, ನೋಡು, ಬೆಳ್ಳಗಾಗೈತಿ." ಬಲಿತ ಹೊಲ ಕಂಡಾಗಲೆಲ್ಲ ಹನಮಂತಪ್ಪನಿಗೆ ಎತ್ತು ಬೇಗ ಹೊಡೆಯಲು ಹೇಳುತ್ತಿದ್ದರು.

ಬಾಗಲಕೋಟೆಯಲ್ಲಿ ರೇಲು ಬಂದಾಗ ನಾನು ಹೆದರಿದೆ, ನಿಜ ಹೇಳುತ್ತೇನೆ. ಜೋಹರಾ ಹೆದರಲಿಲ್ಲ. "ನಮ್ಮ ಮಗ್ಗದಂಗನ ಸಪ್ಪಳ ಮಾಡತೈತಿ," ಎಂದಳು. ಒಳಗೆ ಕೂತು ಹೊರಗೆ ನೋಡಿದರೆ ಗಿಡಗಳೆಲ್ಲ ಹಿಂದಕ್ಕೆ ಓಡುತ್ತಿದ್ದವು. ಅತ್ತೆ ಮಾತ್ರ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಕೂತಿದ್ದರು. ಬಾದಾಮಿ ಬಂದಾಗ ಜೋಹರಾ ರೂಢಿಯಂತೆ "ಬಾದಾಮಿ ಬಂತು, ಇಳೀರಿ" ಎಂದು ಕೂಗಿದಳು. ಈ ಸಲ ನಾವು ಖರೇನೇ ಇಳಿದೆವು.

ಟಾಂಗಾದವ ಪೇಟೆಗೆ ಬಿಟ್ಟ. ಅಲ್ಲಿಂದ ನಡಿಗೆ. ಹಬ್ಬದ ಮರುದಿನ ಕಳೆದು ಆಗಲೇ ಎರಡು ದಿನವಾಗಿತ್ತು. ಅತ್ತೆ ಮುಂದೆ, ನಾವು ಹಿಂದೆ. ಮಗ ಕೈಹಿಡಿಯಲು ಹೋದರೆ ಕೊಸರಿಕೊಂಡರು. ಊರೊಳಗೆ ಹೋಗಲೇ ಇಲ್ಲ, ಯಾರನ್ನೂ ಹಾದಿ ಕೇಳಲಿಲ್ಲ. ಹಳ್ಳದ ದಂಡೆ ಹಿಡಿದು, ಒಂದು ಬೇವಿನ ಮರದ ಹತ್ತಿರ ತಿರುಗಿ, ಒಡ್ಡು ಹತ್ತಿ ನಿಂತರು.

ಹೊಲದ ಅರ್ಧ ಬೆಳ್ಳಗೆ ಬಲಿತು ನಿಂತಿತ್ತು. ಆದರೆ ಹಳ್ಳದ ಕಡೆಯ ತಗ್ಗಿನಲ್ಲಿ, ನೀರಿನ ಪಸೆ ಇದ್ದಲ್ಲಿ, ಒಂದು ಮೂಲೆ ಇನ್ನೂ ಹಸಿರಾಗಿತ್ತು. ಅಲ್ಲಿ ಕುಳ್ಳಿನ ಹೊಗೆ ಏಳುತ್ತಿತ್ತು. ಹೊಗೆಯ ಮುಂದೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ತೆನೆ ಬಡಿಯುತ್ತಿದ್ದಳು, ತಲೆ ನರೆತಿತ್ತು. ಹಬ್ಬದ ಮರುದಿನದಿಂದ ಅವಳು ದಿನಾ ಅಲ್ಲಿ ಬಂದು ಬೆಂಕಿ ಹಾಕುತ್ತಿದ್ದಳೆಂದು ಆಮೇಲೆ ಅವಳ ಸೊಸೆ ಹೇಳಿದಳು.

ಅತ್ತೆ ಒಡ್ಡು ಇಳಿದು ಹೋದರು. ಆ ಹೆಂಗಸು ಕತ್ತೆತ್ತಿ ನೋಡಿದಳು. ಏಳಲಿಲ್ಲ, ಯಾರು ಎಂದು ಕೇಳಲಿಲ್ಲ, ಅಳಲೂ ಇಲ್ಲ. ಬುಟ್ಟಿಯಿಂದ ಒಂದು ಹಿಡಿ ಕಾಳು ತೆಗೆದು ಊದಿದಳು.

"ಬಂದೆ? ಕೈ ಹಿಡಿ. ಆರ್ತಾವು."

ಅತ್ತೆ ಅಲ್ಲೇ ಮಣ್ಣಿನಲ್ಲಿ ಕೂತು ಕೈ ಒಡ್ಡಿದರು. ಆಮೇಲೆ ಗಡಿಗೆಯ ಬಟ್ಟೆ ಬಿಚ್ಚಲು ಹೋದರು. ಸಾವಿರ ಎಳೆಗೆ ತಪ್ಪದೆ ಕೊಂಡಿ ಹಾಕುವ ಬೆರಳಿಗೆ ಆ ಒಂದು ಗಂಟು ಬಿಚ್ಚಲು ಬರಲಿಲ್ಲ, ತಾಯವ್ವನೇ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಚಿಟಿಕೆ ಹಿಂಡಿ ಬಾಯಿಗೆ ಹಾಕಿಕೊಂಡಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆವು. ಅವಳ ಮುಖ ಕಿವುಚಿತು, ಕಣ್ಣು ಮುಚ್ಚಿದವು. ನನಗೆ ಆಗ ಹೊಳೆಯಿತು. ಅತ್ತೆ ಆ ದಿನ ಕುಟ್ಟುವಾಗ ಉಪ್ಪು ಹಾಕಿದ್ದನ್ನು ನೋಡಿದ್ದೆ. ಗಡಿಗೆಗೆ ತುಂಬುವಾಗ ಇನ್ನೊಮ್ಮೆ ಹಾಕಿದ್ದನ್ನೂ ನೋಡಿದ್ದೆ. ಎಷ್ಟು ಸಲ ಹಾಕಿದರೋ ಅವರಿಗೇ ಗೊತ್ತಿರಲಿಲ್ಲ, ರುಚಿ ನೋಡಿದ್ದರಲ್ಲವೇ ಗೊತ್ತಾಗಲು.

"ಉಪ್ಪಾತೇನ?" ಎಂದು ಅತ್ತೆ ಕೇಳಿದರು, ಅಳು ಬರುವ ದನಿಯಲ್ಲಿ.

ತಾಯವ್ವ ನಿಧಾನವಾಗಿ ನುಂಗಿದಳು. ಕಣ್ಣು ತೆರೆದಾಗ ಅವು ತುಂಬಿದ್ದವು.

"ಬಾರದ ಹೋದ ವರ್ಷದ್ದೆಲ್ಲಾ ಕೂಡಿಸಿ ಒಮ್ಮೆಲೆ ಹಾಕೀಯಲ್ಲ," ಎಂದಳು. ಆಮೇಲೆ ಗಡಿಗೆಯನ್ನು ತನ್ನ ಕಡೆ ಎಳೆದುಕೊಂಡು ಇನ್ನೊಂದು ಚಿಟಿಕೆ ತೆಗೆದುಕೊಂಡಳು.